ಎಣ್ಣೆಯೊಳಗಿನ ನೀರಿನ ಲೆಕ್ಕ: ಮಿರ್ಚಿ ಬಂಡಿಯಿಂದ ಮನೆಯ ಒಲೆಗೆ ಹದಿನಾಲ್ಕು ಪಾಠ

ಸಂಜೆ ನಾಲ್ಕು ದಾಟಿತೆಂದರೆ ಮುದಗಲ್ಲಿನ ಯಾವ ರಸ್ತೆಗೆ ಹೋದರೂ ಕಡ್ಲಿ ಹಿಟ್ಟು ಕರಿಯುವ ವಾಸನೆ ಮೂಗಿಗೆ ಬಡಿಯುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರಿನಲ್ಲೂ ಅಷ್ಟೇ. ತಟ್ಟೆ ತುಂಬ ಮಂಡಕ್ಕಿ ಒಗ್ಗರಣಿ, ಮೇಲೆ ಎರಡು ಮಿರ್ಚಿ ಬಜ್ಜಿ, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ. ಹೊಲದಿಂದ ಬಂದವರು, ಹಟ್ಟಿ ಗಣಿಯ ಪಾಳಿ ಮುಗಿಸಿದವರು, ಕೋಟೆ ನೋಡಲು ಬಂದವರು ಎಲ್ಲರೂ ಒಂದೇ ಬಂಡಿಯ ಮುಂದೆ ನಿಲ್ಲುತ್ತಾರೆ. ಮೊಹರಂ ಹೊತ್ತಿಗೆ ಊರಿಗೆ ಜನ ಹರಿದು ಬರುವಾಗಂತೂ ಬಾಣಲಿ ಒಲೆಯಿಂದ ಇಳಿಯುವುದೇ ಇಲ್ಲ.

ನಮ್ಮದೂ ಒಂದು ಬಂಡಿ. ಮನೆಯವರು ಗಿರಾಕಿ ನೋಡಿಕೊಂಡರೆ ಹಿಟ್ಟು, ಬಾಣಲಿ ನನ್ನ ಪಾಲು. ಓಣಿಯ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಅದೇ ಹಿಟ್ಟು, ಅದೇ ಎಣ್ಣಿ. ನಮ್ಮನಿ ಮಿರ್ಚಿ ಯಾಕ ಮೆತ್ತಗಾಗತಾವು?" ನನ್ನ ಉತ್ತರವೂ ಒಂದೇ. ಎಲ್ಲರೂ ಎಣ್ಣೆಯ ಕಡೆ ನೋಡುತ್ತಾರೆ, ನೋಡಬೇಕಾದದ್ದು ನೀರಿನ ಕಡೆ. ಕಾಯಿಯೊಳಗೆ ನೀರು, ಹಿಟ್ಟಿನೊಳಗೆ ನೀರು, ಕಾಯಿಯ ಮೈಮೇಲೆ ನೀರು. ಇದು ಎಲ್ಲಿರಬೇಕು, ಎಷ್ಟಿರಬೇಕು, ಯಾವಾಗ ಹೊರಗೆ ಹೋಗಬೇಕು ಎನ್ನುವುದು ಗೊತ್ತಾದರೆ ಕರಿಯುವುದು ಬಂದಂತೆ. ಕೆಳಗಿನ ಪಾಠಗಳೆಲ್ಲ ಆ ಲೆಕ್ಕದವು.

1. ಅರ್ಧ ಮಿರ್ಚಿ ಸಂತೆಯಲ್ಲೇ ಆಗುತ್ತದೆ

ಸಂತೆಯಲ್ಲಿ ಎರಡು ಜಾತಿಯ ಕಾಯಿ ಸಿಗುತ್ತವೆ. ತಿಳಿಹಸಿರು ಬಣ್ಣದ, ಬೆರಳಿಗಿಂತ ಉದ್ದನೆಯ, ದಪ್ಪ ಸಿಪ್ಪೆಯ ಬಜ್ಜಿ ಮೆಣಸಿನಕಾಯಿ ಒಂದು. ಇದಕ್ಕೆ ಖಾರ ಕಡಿಮೆ, ಮಕ್ಕಳಿರುವ ಮನೆಗೆ ಇದೇ ಸರಿ. ಇನ್ನೊಂದು ಕಡುಹಸಿರಿನ ತೆಳು ಕಾಯಿ. ನಮ್ಮ ಕಡೆಯ ನಾಲಿಗೆಗೆ ಇದೇ ಬೇಕು. ಯಾವುದನ್ನೇ ತಂದರೂ ನೆಟ್ಟಗಿರುವ ಕಾಯಿ ಆರಿಸಿ. ಡೊಂಕು ಕಾಯಿಗೆ ಹಿಟ್ಟು ಒಂದು ಕಡೆ ಗಟ್ಟಿ, ಒಂದು ಕಡೆ ತೆಳ್ಳಗೆ ಕೂರುತ್ತದೆ. ತೊಟ್ಟು ಹಸಿರಾಗಿದ್ದು, ಕಾಯಿ ಮುರಿದರೆ ಟಕ್ಕೆನ್ನಬೇಕು. ಬಾಡಿದ ಕಾಯಿಯ ಸಿಪ್ಪೆ ಕರಿದ ಮೇಲೆ ಹಲ್ಲಿಗೆ ಜಗ್ಗುತ್ತದೆ.

ಬ್ಯಾಡಗಿಯ ಹೆಸರು ದೊಡ್ಡದು. ಆದರೆ ಅದು ಒಣಗಿದ ಮೇಲೆ ಬಣ್ಣ ಕೊಡುವ ಕಾಯಿ, ಈ ಕೆಲಸಕ್ಕಲ್ಲ. ಬೇಸಿಗೆಯಲ್ಲಿ ಗಿಡಕ್ಕೆ ನೀರು ಕಡಿಮೆಯಾದಾಗ ಕಾಯಿಯ ಖಾರ ಏರುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಒಂದು ಕಾಯಿಯ ತುದಿ ಕಚ್ಚಿ ನೋಡಿಯೇ ತೂಕ ಹಾಕಿಸಿ. ಅಂದ ಹಾಗೆ, ನಮ್ಮ ಮುದಗಲ್ ಕೋಟೆಗಾಗಿ ಬಹಮನಿ ಸುಲ್ತಾನರೂ ವಿಜಯನಗರದವರೂ 14ನೇ ಶತಮಾನದಲ್ಲೇ ಬಡಿದಾಡಿದ್ದರು. ಮೆಣಸಿನಕಾಯಿಯನ್ನು ಪೋರ್ಚುಗೀಸರು ಈ ದೇಶಕ್ಕೆ ತಂದದ್ದು 16ನೇ ಶತಮಾನದಲ್ಲಿ. ಆ ಸೈನಿಕರಿಗೆ ಖಾರವೆಂದರೆ ಕರಿಮೆಣಸಿನಂಥದ್ದು. ಮಿರ್ಚಿಯ ಗುರುತೇ ಅವರಿಗಿರಲಿಲ್ಲ.

2. ತೊಳೆದ ಕಾಯಿ ಒಣಗದೆ ಚಾಕು ಹಿಡಿಯಬೇಡಿ

ಕಾಯಿಯನ್ನು ಬೆಳಿಗ್ಗೆಯೇ ತೊಳೆದು, ಬಟ್ಟೆಯ ಮೇಲೆ ಹರಡಿ, ಒಂದೊಂದನ್ನೂ ಒರೆಸಿಡಿ. ಮೈಮೇಲೆ ನೀರಿನ ಪಸೆ ಇದ್ದರೆ ಹಿಟ್ಟು ಹಿಡಿಯುವುದಿಲ್ಲ, ಬಾಣಲಿಗೆ ಬಿಟ್ಟ ಕೂಡಲೇ ಹಿಟ್ಟಿನ ಅಂಗಿ ಬೇರೆ ಕಾಯಿ ಬೇರೆ ಆಗುತ್ತದೆ. ಎಣ್ಣೆ ಸಿಡಿಯುವುದಕ್ಕೂ ಮುಖ್ಯ ಕಾರಣ ಈ ಪಸೆಯೇ. ತೊಟ್ಟು ತೆಗೆಯಬೇಡಿ. ಹಿಟ್ಟಿನಲ್ಲಿ ಅದ್ದಲು, ಎಣ್ಣೆಗೆ ಬಿಡಲು, ಕೊನೆಗೆ ಹಿಡಿದು ತಿನ್ನಲು ಅದೇ ಹಿಡಿಕೆ.

3. ಸೀಳು ಒಂದೇ ಕಡೆ ಇರಲಿ

ತೊಟ್ಟಿನ ಕೆಳಗಿನಿಂದ ತುದಿಗೆ ಒಂದು ಬೆರಳಗಲ ಬಿಟ್ಟು, ಒಂದೇ ಪಕ್ಕದಲ್ಲಿ ಉದ್ದಕ್ಕೆ ಸೀಳಿ. ಎರಡು ಹೋಳಾಗಬಾರದು. ಕಾಯಿಯ ಹೊಟ್ಟೆ ಟೊಳ್ಳು. ಬಿಸಿ ತಗುಲಿದಾಗ ಒಳಗಿನ ಗಾಳಿ ಹಿಗ್ಗುತ್ತದೆ, ನೀರು ಹಬೆಯಾಗುತ್ತದೆ. ದಾರಿ ಇಲ್ಲದಿದ್ದರೆ ಅದು ಸಿಡಿದೇ ದಾರಿ ಮಾಡಿಕೊಳ್ಳುತ್ತದೆ, ಮುಖದ ಮುಂದೆಯೇ.

ಖಾರ ಬೀಜದಲ್ಲಿದೆ ಎಂದು ಬಹಳ ಮಂದಿ ಬೀಜ ಮಾತ್ರ ಉದುರಿಸುತ್ತಾರೆ. ಖಾರದ ಮೂಲವಾದ ಕ್ಯಾಪ್ಸೈಸಿನ್ ಹೆಚ್ಚಾಗಿರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜದ್ದು ಅದರಿಂದ ಹತ್ತಿದ ಖಾರ. ಕಡಿಮೆ ಖಾರ ಬೇಕಾದವರು ಚಮಚದ ಹಿಡಿಯಿಂದ ಆ ತಿರುಳನ್ನು ಎಬ್ಬಿಸಿ ತೆಗೆಯಿರಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಆದ್ದರಿಂದ ಕೈ ಉರಿದರೆ ಮೊದಲು ನಾಲ್ಕು ಹನಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಬಾಯಿ ಉರಿದವರಿಗೆ ಚೊಂಬು ನೀರು ಕೊಟ್ಟರೆ ಉರಿ ಬಾಯಿ ತುಂಬ ಹರಡುತ್ತದೆ. ಗಟ್ಟಿ ಮೊಸರು, ಹಾಲು ಕೊಡಿ.

4. ಹೊಟ್ಟೆಗೆ ಹಚ್ಚುವುದು, ತುಂಬುವುದಲ್ಲ

ನಮ್ಮ ಕಡೆಯ ಹದ ಸರಳ. ಅಜವಾನ, ಉಪ್ಪು, ಗಟ್ಟಿ ಹುಣಸೆ ರಸ ಮೂರನ್ನೂ ಅರೆದು ಸೀಳಿನೊಳಗೆ ಬೆರಳಿನಿಂದ ಸವರುವುದು. ಕೆಲವರು ಅಜವಾನದ ಬದಲು ಜೀರಿಗೆ ಹಾಕುತ್ತಾರೆ, ಕೆಲವರು ಪುಟಾಣಿ, ಅಂದರೆ ಹುರಿಗಡಲೆ ಪುಡಿಗೆ ಒಣಕೊಬ್ಬರಿ ಸೇರಿಸುತ್ತಾರೆ. ಹುಳಿ ಇದ್ದರೆ ಖಾರದ ಮೊನೆ ಮುರಿಯುತ್ತದೆ. ಅಜವಾನ ಕರಿದದ್ದನ್ನು ಹೊಟ್ಟೆಗೆ ಹಗುರ ಮಾಡುತ್ತದೆ ಎನ್ನುವುದು ಹಿರಿಯರ ಮಾತು.

ರಾತ್ರಿಯೇ ಹಚ್ಚಿಟ್ಟರೆ ಬೆಳಿಗ್ಗೆ ಕೆಲಸ ಹಗುರ ಎಂದುಕೊಳ್ಳಬೇಡಿ. ಉಪ್ಪು ಕಾಯಿಯ ನೀರನ್ನು ಎಳೆದು ಹೊರಗೆ ಹಾಕುತ್ತದೆ, ಸೀಳು ಒದ್ದೆಯಾಗುತ್ತದೆ, ಕಾಯಿ ಸೋಲುತ್ತದೆ. ಒಲೆ ಹೊತ್ತಿಸುವ ಹೊತ್ತಿಗೆ ಹಚ್ಚುವುದೇ ಸರಿ.

5. ಹಿಟ್ಟು ಹೊಸದಿರಲಿ

ನಮ್ಮ ರಾಯಚೂರು ಸೀಮೆಯ ಎರೆಹೊಲದಲ್ಲಿ ಹಿಂಗಾರಿಗೆ ಕಡಲೆ ಬೆಳೆಯುತ್ತದೆ. ಕಡ್ಲಿ ಬೇಳೆ ತಂದು, ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ಬೀಸಿಸಿಕೊಳ್ಳುವುದಕ್ಕೆ ಸಮನಾದದ್ದು ಇಲ್ಲ. ಪೊಟ್ಟಣದ ಹಿಟ್ಟು ತಂದರೆ ಮೂಸಿ ನೋಡಿ. ಹಳೆಯದಾಗಿದ್ದರೆ ಮುಗ್ಗಲು ವಾಸನೆ, ಕರಿದ ಮೇಲೆ ಕಹಿ. ಜರಡಿ ಹಿಡಿಯದೆ ಕಲಸಬೇಡಿ. ಒಂದು ಗಂಟು ಉಳಿದರೂ ಅದರೊಳಗಿನ ಒಣಹಿಟ್ಟು ಬೇಯುವುದಿಲ್ಲ.

ಒಂದು ಲೋಟ ಕಡ್ಲಿ ಹಿಟ್ಟಿಗೆ ಒಂದೂವರೆ ಚಮಚ ಅಕ್ಕಿ ಹಿಟ್ಟು ಸಾಕು. ಮೇಲಿನ ಪದರ ಗರಿಯಾಗುವುದು ಇದರಿಂದ. ಹೆಚ್ಚಾದರೆ ಮಿರ್ಚಿ ಬಿರುಸಾಗಿ, ಆರಿದ ಮೇಲೆ ಕಲ್ಲಾಗುತ್ತದೆ. ರುಚಿಗೆ ಉಪ್ಪು, ಅಂಗೈಯಲ್ಲಿ ತಿಕ್ಕಿದ ಅಜವಾನ. ಅರಿಶಿನ ಹಾಕುವುದು ಬಿಡುವುದು ನಿಮ್ಮಿಷ್ಟ, ಒಳ್ಳೆಯ ಹಿಟ್ಟಿಗೆ ಅದರ ಬಣ್ಣ ಬೇಕಿಲ್ಲ.

6. ನೀರು ಸುರಿಯಬೇಡಿ, ಕುಡಿಸಿ

ಲೋಟ ಹಿಟ್ಟಿಗೆ ಅರ್ಧ ಲೋಟಕ್ಕಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ಪೂರ್ತಿ ಒಮ್ಮೆಲೇ ಹಾಕಿದರೆ ಗಂಟು. ಮೊದಲು ಸ್ವಲ್ಪ ಹಾಕಿ ಗಟ್ಟಿ ಮುದ್ದೆಯ ಹಾಗೆ ಕಲಸಿ, ಗಂಟೆಲ್ಲ ಒಡೆದ ಮೇಲೆ ಚಮಚ ಚಮಚವಾಗಿ ಉಳಿದ ನೀರು ಕುಡಿಸಿ. ಕೈಯಿಂದ ಒಂದೇ ದಿಕ್ಕಿಗೆ ನಾಲ್ಕೈದು ನಿಮಿಷ ಬಡಿಯಿರಿ. ಗಾಳಿ ಸೇರಿ ಬಣ್ಣ ತುಸು ಬೆಳ್ಳಗಾಗುತ್ತದೆ.

ಹದ ನೋಡುವುದು ಹೀಗೆ. ಬೆರಳು ಅದ್ದಿ ಎತ್ತಿ. ಉಗುರು ಕಾಣಿಸಿದರೆ ತೆಳುವಾಯಿತು. ಹಿಟ್ಟು ಬೆರಳಿನಿಂದ ಇಳಿಯದೆ ಮುದ್ದೆಯಾಗಿ ನಿಂತರೆ ಗಟ್ಟಿಯಾಯಿತು. ಉಗುರು ಮುಚ್ಚಿ, ತುದಿಯಿಂದ ನಿಧಾನಕ್ಕೆ ಪಟ್ಟಿಯಾಗಿ ಇಳಿದರೆ ಸರಿ. ಆಮೇಲೆ ಕಾಲು ಗಂಟೆ ಮುಚ್ಚಿಡಿ. ಹಿಟ್ಟಿನ ಕಣಕಣವೂ ನೀರು ಹೀರಿಕೊಳ್ಳಲು ಅಷ್ಟು ಹೊತ್ತು ಬೇಕು. ತೆಳುವಾದ ಹಿಟ್ಟಿನಲ್ಲಿ ಬಿಡಿ ನೀರು ಹೆಚ್ಚು. ಆ ನೀರು ಹೊರಗೆ ಹೋದ ಜಾಗಕ್ಕೆಲ್ಲ ಎಣ್ಣೆ ಬಂದು ಕೂರುತ್ತದೆ. "ಮಿರ್ಚಿ ಎಣ್ಣಿ ಕುಡದಾವ" ಎಂದು ಬೈಸಿಕೊಳ್ಳುವ ಮನೆಗಳಲ್ಲಿ ಹೆಚ್ಚಿನಂಶ ತಪ್ಪು ಬಾಣಲಿಯಲ್ಲಿರುವುದಿಲ್ಲ, ಬೋಗುಣಿಯಲ್ಲಿರುತ್ತದೆ.

7. ಸೋಡಾ ಕೊನೆಗೆ, ಚಿಟಿಕೆಯಷ್ಟೇ

ತಿನ್ನುವ ಸೋಡಾ ಬಿಸಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಜೊತೆಗೇ ಬಣ್ಣವನ್ನೂ ಬೇಗ ಕಟ್ಟಿಸುತ್ತದೆ. ಹೆಚ್ಚು ಹಾಕಿದರೆ ಮೇಲೆ ಕೆಂಪು, ಒಳಗೆ ಹಸಿ. ಬಾಯಲ್ಲಿ ಸಾಬೂನಿನ ರುಚಿ, ತಟ್ಟೆಯಲ್ಲಿ ಎಣ್ಣೆ. ಲೋಟ ಹಿಟ್ಟಿಗೆ ಒಂದು ಚಿಟಿಕೆ, ಅದೂ ಬಾಣಲಿ ಕಾದ ಮೇಲೆ. ಮೊದಲೇ ಹಾಕಿಟ್ಟರೆ ಬೋಗುಣಿಯಲ್ಲೇ ಅದರ ಶಕ್ತಿ ಕಳೆಯುತ್ತದೆ. ಸೋಡಾ ಬೇಡವೆನ್ನುವವರು ಎರಡು ಚಮಚ ಕಾದ ಎಣ್ಣೆಯನ್ನು ಹಿಟ್ಟಿಗೆ ಸುರಿದು ಕಲಸಿ. ಅಷ್ಟು ಉಬ್ಬುವುದಿಲ್ಲ, ಗರಿಗೆ ಮೋಸವಿಲ್ಲ.

8. ಗುಳ್ಳೆಗಳ ಮೇಲೆ ಕಣ್ಣಿಡಿ

ಶೇಂಗಾ ಎಣ್ಣೆಯೋ ಸೂರ್ಯಕಾಂತಿಯೋ, ಕಾಯಿ ತೇಲುವಷ್ಟು ಇರಲಿ. ಬಾಣಲಿಯ ಅರ್ಧ ದಾಟಬಾರದು. ಬೇಕಾದ ಕಾವು 170ರಿಂದ 180 ಡಿಗ್ರಿ ಸೆಲ್ಸಿಯಸ್. ಮನೆಯಲ್ಲಿ ಅಳೆಯುವ ಸಾಧನ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಹೋಗಿ ಅಲ್ಲೇ ಕುಳಿತರೆ ಕಾದಿಲ್ಲ. ಬಿಟ್ಟ ಕೂಡಲೇ ಮೇಲೆ ಬಂದು ಕಪ್ಪಾದರೆ ಅತಿಯಾಗಿದೆ. ತಳ ಮುಟ್ಟಿ ಎರಡು ಉಸಿರಿನೊಳಗೆ ಗುಳ್ಳೆ ಕಟ್ಟಿಕೊಂಡು ಎದ್ದು ಬಂದರೆ ಸಮ.

ಆ ಗುಳ್ಳೆ ಎಣ್ಣೆಯದಲ್ಲ, ಹಿಟ್ಟಿನ ನೀರು ಹಬೆಯಾಗಿ ಹೊರಗೆ ಬರುತ್ತಿರುವುದು. ಹಬೆ ಹೊರಗೆ ನೂಕುತ್ತಿರುವ ತನಕ ಎಣ್ಣೆಗೆ ಒಳಗೆ ನುಗ್ಗಲು ಆಗುವುದಿಲ್ಲ. ಕಾವು ಕಡಿಮೆಯಾದರೆ ಹಬೆ ಸಡಿಲ, ಎಣ್ಣೆಗೆ ಬಾಗಿಲು ತೆರೆದಂತೆ. ಮನೆಯ ಸಣ್ಣ ಬಾಣಲಿಗೆ ಒಮ್ಮೆಲೇ ಎಂಟು ಹತ್ತು ಕಾಯಿ ಬಿಟ್ಟರೆ ಎಣ್ಣೆ ತಣ್ಣಗಾಗಿ ಇದೇ ಆಗುತ್ತದೆ. ಬಂಡಿಯಲ್ಲಿ ನಾವು ಬಾಣಲಿ ತುಂಬ ಬಿಡುತ್ತೇವೆ ನಿಜ, ಆದರೆ ನಮ್ಮ ಬಾಣಲಿ ದೊಡ್ಡದು, ಬರ್ನರ್ ದೊಡ್ಡದು, ಎಣ್ಣೆಯೂ ಹೆಚ್ಚು. ಮನೆಯಲ್ಲಿ ನಾಲ್ಕು ಸಾಕು.

ಆರ್ಭಟದ ಗುಳ್ಳೆ ಸಣ್ಣಗಾಗಿ, ಸದ್ದು ತಗ್ಗಿದಾಗ ಹಿಟ್ಟಿನ ನೀರು ಬಹುಪಾಲು ಹೋಯಿತೆಂದು ತಿಳಿಯಿರಿ. ಆಗ ತೆಗೆಯಬೇಕು. ತೆಗೆದ ಮೇಲೆ ಕೆಲಸ ಮುಗಿಯಲಿಲ್ಲ. ಆರುವಾಗ ಒಳಗಿನ ಹಬೆ ಕುಗ್ಗಿ ಮೈಮೇಲಿನ ಎಣ್ಣೆಯನ್ನು ಒಳಗೆಳೆಯುತ್ತದೆ. ಆದ್ದರಿಂದ ತೂತಿನ ಸೌಟನ್ನು ಬಾಣಲಿಯ ಅಂಚಿಗೆ ಎರಡು ಸಲ ತಟ್ಟಿ, ಬಿಸಿಯಿರುವಾಗಲೇ ಎಣ್ಣೆ ಸೋರಿಸಿ, ಜಾಲರಿಯ ಮೇಲೆ ಬಿಡಿ ಬಿಡಿಯಾಗಿ ಇಡಿ. ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರೆ ಹೊರಬಂದ ಹಬೆ ಮತ್ತೆ ಮಿರ್ಚಿಗೇ ಮೆತ್ತುತ್ತದೆ.

9. ಕೈಯ ಓಟ, ಎರಡನೆಯ ಕರಿತ

ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಒಂದು ಸಂಜೆ ಬಂಡಿಯ ಹಿಂದೆ ನಿಂತು ಕಲಿತಳು. ಎಣ್ಣೆ ಸಿಡಿಯುವ ಹೆದರಿಕೆಗೆ ಕಾಯಿಯನ್ನು ಗೇಣೆತ್ತರದಿಂದ ಕೈಬಿಡುತ್ತಿದ್ದಳು, ಹಾಗಾಗಿ ಇನ್ನಷ್ಟು ಸಿಡಿಯುತ್ತಿತ್ತು. "ತಂಗಿ, ದೂರದಿಂದ ಒಗೀಬ್ಯಾಡ. ಎಣ್ಣಿ ಹಂತೇಕ ಕೈ ಒಯ್ದು ಮೆಲ್ಲಕ ಜಾರಿಸು" ಎಂದೆ. ತೊಟ್ಟು ಹಿಡಿದು ಕಾಯಿಯನ್ನು ಹಿಟ್ಟಿನಲ್ಲಿ ಹೊರಳಿಸಿದಳು, ಸೀಳಿಲ್ಲದ ಪಕ್ಕವನ್ನು ಬೋಗುಣಿಯ ಅಂಚಿಗೆ ಒಂದು ಸಲ ಎಳೆದಳು, ಹೆಚ್ಚಿನ ಹಿಟ್ಟು ಅಲ್ಲೇ ಉಳಿಯಿತು. ಆಮೇಲೆ ತುದಿಯನ್ನು ಮೊದಲು ಎಣ್ಣೆಗೆ ತಾಗಿಸಿ, ತನ್ನಿಂದ ಆಚೆ ಕಡೆಗೆ ಕಾಯಿಯನ್ನು ಮಲಗಿಸಿದಳು. ಒಂದು ಹನಿಯೂ ಸಿಡಿಯಲಿಲ್ಲ. "ಇಷ್ಟೇ ಏನಕ್ಕಾ?" ಎಂದಳು. ಇಷ್ಟೇ.

ಬಿಟ್ಟ ಕೂಡಲೇ ಸೌಟು ಹಾಕಿ ಕೆದಕಬೇಡಿ. ಹಿಟ್ಟು ಗಟ್ಟಿಯಾಗಲು ಅರ್ಧ ನಿಮಿಷ ಕೊಟ್ಟು, ಮೇಲ್ಭಾಗಕ್ಕೆ ಸೌಟಿನಿಂದ ಬಿಸಿ ಎಣ್ಣೆ ಹಾಯಿಸಿ, ನಂತರ ಹೊರಳಿಸಿ.

ಬಂಡಿಯ ಗುಟ್ಟೊಂದನ್ನು ಹೇಳಿಬಿಡುತ್ತೇನೆ. ನಾವು ಮಿರ್ಚಿಯನ್ನು ಮೊದಲು ಮುಕ್ಕಾಲು ಕರಿದು ರಾಶಿ ಹಾಕುತ್ತೇವೆ. ಗಿರಾಕಿ ಬಂದಾಗ ಮತ್ತೊಮ್ಮೆ, ತುಸು ಹೆಚ್ಚು ಕಾವಿನಲ್ಲಿ, ಒಂದು ನಿಮಿಷ. ನಡುವಿನ ಹೊತ್ತಿನಲ್ಲಿ ಕಾಯಿಯ ನೀರು ಮೇಲಿನ ಪದರಕ್ಕೆ ಬಂದಿರುತ್ತದೆ, ಎರಡನೆಯ ಕರಿತ ಅದನ್ನು ಓಡಿಸುತ್ತದೆ. ಮನೆಗೆ ನೆಂಟರು ಬರುವ ದಿನ ಇದು ಬಹಳ ಉಪಯೋಗ. ಕಟ್ ಮಿರ್ಚಿಗೂ ಇದೇ ದಾರಿ: ಮುಕ್ಕಾಲು ಕರಿದದ್ದನ್ನು ಬೆರಳಗಲ ತುಂಡರಿಸಿ, ಮತ್ತೆ ಕರಿದು, ಮೇಲೆ ಉಳ್ಳಾಗಡ್ಡಿ, ಕೊತ್ತಂಬರಿ, ನಿಂಬೆ ಹುಳಿ.

10. ಒಗ್ಗರಣಿ ಇಲ್ಲದ ಮಿರ್ಚಿ ಒಂಟಿ

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಭತ್ತವಿದ್ದಲ್ಲಿ ಮಂಡಕ್ಕಿಗೆ ಬರವಿಲ್ಲ. ಒಗ್ಗರಣಿಗೂ ನೀರಿನ ಲೆಕ್ಕವೇ ಮುಖ್ಯ. ಮಂಡಕ್ಕಿಯನ್ನು ನೀರಿಗೆ ಹಾಕಿ, ಮುಳುಗಿಸಿ, ತಕ್ಷಣ ಎರಡೂ ಕೈಯಲ್ಲಿ ಹಿಂಡಿ ತೆಗೆಯಬೇಕು. ಮಾತಾಡುತ್ತ ನಿಂತರೆ ಗಂಜಿ. ಎಣ್ಣೆಗೆ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿನ, ಹುಣಸೆ ರಸ ಅಥವಾ ಟೊಮೆಟೊ. ಮಂಡಕ್ಕಿ ಸೇರಿಸಿ ಒಲೆ ಆರಿಸಿ, ಕೊನೆಗೆ ಪುಟಾಣಿ ಪುಡಿ ಉದುರಿಸಿ. ಹಿಂಡಿದ ಮೇಲೂ ಉಳಿದ ತೇವವನ್ನು ಪುಟಾಣಿ ಹೀರಿ ಅಗುಳು ಅಗುಳಾಗಿ ಬಿಡಿಸುತ್ತದೆ. ಮಿರ್ಚಿಯ ಖಾರಕ್ಕೆ ಈ ಮೆತ್ತನೆ ಹುಳಿ ಒಗ್ಗರಣಿಯೇ ತಕ್ಕ ಜೋಡಿ.

11. ಬಾಣಲಿ ಇಡದೆಯೂ ಕಾಯಿ ರುಚಿಯಾಗುತ್ತದೆ

ದಿನಾ ಕರಿದದ್ದು ತಿನ್ನಬಾರದು. ಬಂಡಿಯವಳೇ ಹೇಳುತ್ತಿದ್ದೇನೆ, ನಂಬಿ. ಮನೆಯಲ್ಲಿ ನಾವು ಹೆಚ್ಚು ಮಾಡುವುದು ಕೆಳಗಿನವನ್ನು.

ತುಂಬುಗಾಯಿ: ಹುರಿದ ಶೇಂಗಾ ಪುಡಿ, ಗುರೆಳ್ಳು ಪುಡಿ, ಹುಣಸೆ, ಚೂರು ಬೆಲ್ಲ, ಉಪ್ಪು ಕಲಸಿ ಸೀಳಿಗೆ ತುಂಬಿ. ಹಂಚಿನ ಮೇಲೆ ಎರಡು ಚಮಚ ಎಣ್ಣೆ, ಸಣ್ಣ ಉರಿ, ಮೇಲೆ ಮುಚ್ಚಳ. ಕಾಯಿಯದೇ ಹಬೆಯಲ್ಲಿ ಕಾಯಿ ಬೇಯುತ್ತದೆ. ಕೊನೆಗೆ ಮುಚ್ಚಳ ತೆಗೆದು ನೀರಾರಿಸಿ.

ಹಸಿ ಚಟ್ನಿ: ಸೀಳಿದ ಕಾಯಿಯನ್ನು ಹಂಚಿಗೆ ಹಾಕಿ ಮೈಮೇಲೆ ಕಪ್ಪು ಚುಕ್ಕೆ ಏಳುವ ತನಕ ಬಾಡಿಸಿ. ಘಾಟು ಎದ್ದು ಮನೆಯವರೆಲ್ಲ ಕೆಮ್ಮುತ್ತಾರೆ, ಕಿಟಕಿ ತೆರೆದಿಡಿ. ಬೆಳ್ಳುಳ್ಳಿ, ಜೀರಿಗೆ, ಶೇಂಗಾ, ಉಪ್ಪು, ಕೊತ್ತಂಬರಿ ಸೇರಿಸಿ ಒರಳಲ್ಲಿ ಜಜ್ಜಿ. ನುಣ್ಣಗೆ ಬೇಡ. ಬಿಸಿ ಜೋಳದ ರೊಟ್ಟಿ, ಮೇಲೆ ಗಟ್ಟಿ ಮೊಸರು ಇದ್ದರೆ ಊಟಕ್ಕೆ ಇನ್ನೇನೂ ಬೇಕಿಲ್ಲ.

ಪಡ್ಡಿನ ಹಂಚಿನ ಮಿರ್ಚಿ: ಕಾಯಿ ತುಂಡರಿಸಿ ಅದೇ ಹಿಟ್ಟಿನಲ್ಲಿ ಕಲಸಿ, ಕುಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟು ಎರಡೂ ಕಡೆ ಬೇಯಿಸಿ. ಎಣ್ಣೆ ಕಡಿಮೆ ಮಾಡಬೇಕೆಂದು ಏರ್ ಫ್ರೈಯರ್ ಕೊಂಡವರು ಹಸಿ ಹಿಟ್ಟು ಅದ್ದಿದ ಕಾಯಿಯನ್ನು ಅದರಲ್ಲಿ ಇಡುತ್ತಾರೆ. ಹಿಟ್ಟು ಗಟ್ಟಿಯಾಗುವ ಮೊದಲೇ ಜಾಲರಿಯಿಂದ ಸೋರಿಹೋಗುತ್ತದೆ. ಅದಕ್ಕಿಂತ ಪಡ್ಡಿನ ಹಂಚು ಮೇಲು.

ಬಾಳಕ: ಸೀಳಿದ ಕಾಯಿಯನ್ನು ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ. ಮಜ್ಜಿಗೆ ತೀರುವ ತನಕ ಹೀಗೆ ಮಾಡಿ, ನಂತರ ಮುರಿದರೆ ಪುಡಿಯಾಗುವಷ್ಟು ಒಣಗಿಸಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಇದೊಂದನ್ನು ಮಾತ್ರ ತಿನ್ನುವ ಮೊದಲು ಕರಿಯಬೇಕು, ಆದರೆ ಮಿರ್ಚಿಯ ಕಾವು ಇಡಬೇಡಿ. ಒಳಗೆ ನೀರೇ ಇಲ್ಲದ ಕಾಯಿ ಕಣ್ಣು ಮಿಟುಕಿಸುವುದರೊಳಗೆ ಕರಕಲಾಗುತ್ತದೆ. ಸಣ್ಣ ಉರಿ, ಕೆಲವೇ ಸೆಕೆಂಡು.

12. ಸಾಲನ್ ಕಲಿಯಿರಿ

ನಮ್ಮ ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆಡಳಿತ ಹೋಯಿತು, ಅಡುಗೆ ಉಳಿಯಿತು. ಬಿರಿಯಾನಿಯ ಜೊತೆ ಬರುವ ಮಿರ್ಚಿ ಕಾ ಸಾಲನ್ ಹೈದರಾಬಾದಿನ ಹೆಸರಾಂತ ಪದಾರ್ಥ. ಆದರೆ ಅದರ ಸಾಮಾನೆಲ್ಲ ನಮ್ಮ ಹೊಲದ್ದೇ: ಶೇಂಗಾ, ಎಳ್ಳು, ಹುಣಸೆ, ಮೆಣಸಿನಕಾಯಿ.

ದಪ್ಪ ಸಿಪ್ಪೆಯ ಕಾಯಿಯನ್ನು ಸೀಳಿ, ಕಡಿಮೆ ಎಣ್ಣೆಯಲ್ಲಿ ಮೈ ಬೊಬ್ಬೆ ಏಳುವ ತನಕ ಹುರಿದು ತೆಗೆದಿಡಿ. ಶೇಂಗಾ, ಎಳ್ಳು, ಒಣಕೊಬ್ಬರಿಯನ್ನು ಬೇರೆ ಬೇರೆಯಾಗಿ ಹುರಿದು ಒಟ್ಟಿಗೆ ರುಬ್ಬಿ. ಎಳ್ಳು ಬೇಗ ಸಿಡಿಯುತ್ತದೆ, ಶೇಂಗಾಕ್ಕೆ ಹೊತ್ತು ಬೇಕು, ಒಟ್ಟಿಗೆ ಹುರಿದರೆ ಒಂದು ಸೀಯುತ್ತದೆ, ಒಂದು ಹಸಿ ಉಳಿಯುತ್ತದೆ. ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆಗೆ ಶುಂಠಿ ಬೆಳ್ಳುಳ್ಳಿ, ರುಬ್ಬಿದ್ದು, ಹುಣಸೆ ರಸ, ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಮೇಲೆ ಎಣ್ಣೆ ತೇಲಿ ಬಂದಾಗ ನೀರು ತೀರಿ ಹದ ಕೂಡಿತೆಂದು ಅರ್ಥ. ಆಗ ಕಾಯಿ ಹಾಕಿ ಐದು ನಿಮಿಷ.

13. ಸಾಸೇಜ್ ಬಂದರೂ ಇದೇ ವಿದ್ಯೆ

ಬೆಂಗಳೂರು, ಹೈದರಾಬಾದಿನಲ್ಲಿ ದುಡಿಯುವ ಹುಡುಗರು ರಜೆಗೆ ಬರುವಾಗ ಚಿಕನ್ ಸಾಸೇಜಿನ ಪೊಟ್ಟಣ ತರುತ್ತಾರೆ. "ಚಿಗವ್ವಾ, ಹಾಟ್ ಡಾಗ್ ಮಾಡಿಕೊಡು" ಎನ್ನುತ್ತಾರೆ. ಮಾಡಬಹುದು. ಪೊಟ್ಟಣ ಓದಿ: ಹಾಟ್ ಡಾಗ್ ಸಾಸೇಜುಗಳು ಸಾಮಾನ್ಯವಾಗಿ ಬೆಂದೇ ಬಂದಿರುತ್ತವೆ. ನಿಮ್ಮ ಕೆಲಸ ಒಳಗಿನ ತನಕ ಹಬೆಯಾಡುವಷ್ಟು ಬಿಸಿ ಮಾಡುವುದು, ಅಂದರೆ 74 ಡಿಗ್ರಿ ಸೆಲ್ಸಿಯಸ್. ಹೆಪ್ಪುಗಟ್ಟಿದ್ದನ್ನು ಹಾಗೇ ಎಣ್ಣೆಗೆ ಬಿಡಬೇಡಿ, ಮೇಲಿನ ಮಂಜು ನೀರಾಗಿ ಎಣ್ಣೆ ಉಕ್ಕುತ್ತದೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕರಗಿಸಿ, ಒರೆಸಿ.

ಮೆಣಸಿನಕಾಯಿಗೆ ಸೀಳು ಹೇಗೋ ಸಾಸೇಜಿಗೆ ಗೀರು ಹಾಗೆ. ಮೈಮೇಲೆ ಓರೆಯಾಗಿ ಮೂರು ನಾಲ್ಕು ತೆಳು ಗೀರು ಹಾಕಿದರೆ ಹಬೆಗೆ ದಾರಿಯಾಗುತ್ತದೆ, ಚರ್ಮ ಒಡೆಯುವುದಿಲ್ಲ. ಉತ್ತಮ ದಾರಿ ಹಂಚಿನದು: ಎರಡು ಚಮಚ ನೀರು ಹಾಕಿ ಮುಚ್ಚಿ, ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ. ನೀರಾರಿದ ಮೇಲೆ ಚಮಚ ಎಣ್ಣೆ ಬಿಟ್ಟು ಹೊರಳಿಸುತ್ತ ಕೆಂಪಗೆ ಮಾಡಿ. ನೀರಲ್ಲಿ ಬೇಯಿಸುವುದಾದರೆ ಕುದಿ ಜೋರಾಗಬಾರದು. ಬನ್ನಿನೊಳಗೆ ಸಾಸಿವೆ ಸಾಸಿನ ಬದಲು ಮೇಲೆ ಹೇಳಿದ ಹಸಿ ಚಟ್ನಿ ಸವರಿ ನೋಡಿ.

ಹಿಟ್ಟಿನಲ್ಲಿ ಅದ್ದಿ ಕರಿಯುವುದೂ ಉಂಟು. ಅಮೆರಿಕದ ಟೆಕ್ಸಾಸ್ ರಾಜ್ಯದ ಜಾತ್ರೆಯಲ್ಲಿ 1940ರ ದಶಕದಿಂದ ಸಾಸೇಜನ್ನು ಕಡ್ಡಿಗೆ ಚುಚ್ಚಿ, ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಕರಿದು ಮಾರುತ್ತಾರೆ. ಅದು ಅವರ ಮಿರ್ಚಿ. ಸಾಸೇಜಿನ ಮೈ ಜಾರುವುದರಿಂದ ಮೊದಲು ಒಣಹಿಟ್ಟಿನಲ್ಲಿ ಹೊರಳಿಸಿ, ಆಮೇಲೆ ಕಲಸಿದ ಹಿಟ್ಟಿನಲ್ಲಿ ಅದ್ದಿ. ಕಡ್ಲಿ ಹಿಟ್ಟು ಚೆನ್ನಾಗಿಯೇ ಹಿಡಿಯುತ್ತದೆ.

ಎರಡು ಎಚ್ಚರ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ದುಂಡು ಬಿಲ್ಲೆಗಳಾಗಿ ಕತ್ತರಿಸಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿ ಸಣ್ಣ ಚೂರು ಮಾಡಿ. ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇ 18ರಷ್ಟು ಏರುತ್ತದೆ ಎಂಬುದು ಅದರ ಲೆಕ್ಕ. ಹಬ್ಬಕ್ಕೊಮ್ಮೆ ಇರಲಿ, ದಿನದ ಬುತ್ತಿಗೆ ಬೇಡ.

14. ಹಳೆಯ ಎಣ್ಣೆಯ ಆಸೆ, ಬೆಂಕಿಯ ಭಯ

ಕರಿದ ಎಣ್ಣೆಯಲ್ಲಿ ಉಳಿದ ಹಿಟ್ಟಿನ ಚೂರು ಸುಟ್ಟು ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಒಗ್ಗರಣೆಗೆ ಬೇಗ ಬಳಸಿ ಮುಗಿಸಿ. ಬಣ್ಣ ಕಪ್ಪಾದರೆ, ನೊರೆ ನಿಂತರೆ, ಕಾಯುವ ಮೊದಲೇ ಹೊಗೆ ಬಂದರೆ ಅದರ ಆಯುಸ್ಸು ಮುಗಿಯಿತು. ಹೊಸ ಎಣ್ಣೆ ಸೇರಿಸಿ ಅದನ್ನು ಬದುಕಿಸಲು ಹೋಗಬೇಡಿ. ಮಾರುವವರಿಗಂತೂ ಕಾನೂನೇ ಇದೆ: ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಸುದ್ದಿ ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದೂ ಅದೇ ಪ್ರಾಧಿಕಾರ 2016ರಲ್ಲಿ ಹೇಳಿದೆ. ಬಿಸಿ ಎಣ್ಣೆಗೆ ಮಸಿ ಕರಗುತ್ತದೆ. ಬಾಳೆ ಎಲೆ, ಮುತ್ತುಗದ ಎಲೆ, ಸ್ಟೀಲ್ ತಟ್ಟೆ ಯಾವುದಾದರೂ ಆದೀತು, ಅಚ್ಚಾದ ಕಾಗದ ಬೇಡ. ಎಣ್ಣೆ, ಕಾಗದದ ಬಗ್ಗೆ ಬಂಡಿಯವರನ್ನೂ ಕೇಳುವ ಹಕ್ಕು ನಿಮಗಿದೆ. ನನ್ನನ್ನೂ ಕೇಳಿ.

ನೀರಿನ ಕೊನೆಯ ಲೆಕ್ಕ ಇದು: ಬಾಣಲಿಗೆ ಬೆಂಕಿ ಹತ್ತಿದರೆ ನೀರು ಎರಚಬಾರದು. ನೀರು ಎಣ್ಣೆಗಿಂತ ಭಾರ. ತಳಕ್ಕಿಳಿದು ಅಲ್ಲೇ ಹಬೆಯಾಗಿ, ಉರಿಯುವ ಎಣ್ಣೆಯನ್ನು ಸೂರಿನ ತನಕ ಚಿಮ್ಮಿಸುತ್ತದೆ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಆರುವ ತನಕ ಬಾಣಲಿ ಎತ್ತಬೇಡಿ. ಕರಿಯಲು ಕೂರುವ ಮೊದಲು ಆ ಮುಚ್ಚಳ ಕೈಗೆಟಕುವಲ್ಲಿರಲಿ, ಮಕ್ಕಳು ಅಡುಗೆಮನೆಯ ಹೊರಗಿರಲಿ. ಇವೆರಡೂ ಆದ ಮೇಲೆ ಒಲೆ ಹಚ್ಚಿ. ಮೊದಲ ದಿನಕ್ಕೆ ಹತ್ತು ಕಾಯಿ, ಒಂದು ಲೋಟ ಹಿಟ್ಟು ಸಾಕು. ಹದ ಕೈಗೆ ಹತ್ತಿದ ಮೇಲೆ ನೆಂಟರನ್ನು ಕರೆಯಿರಿ.